ಶಾಸ್ತ್ರಗದ್ಯವೂ ಬರೆವಣಿಗೆಯ ಬೋಧನೆಯೂ

ಕಾಲೇಜುಗಳಲ್ಲಿ ಬರೆವಣಿಗೆಯನ್ನು ಕಲಿಸತಕ್ಕವರು ಯಾರೆಂಬ ಪ್ರಶ್ನೆಗೆ ಕನ್ನಡನಾಡಿನಲ್ಲಿ ಬಹುಕಾಲದಿಂದ ಒಂದೇ ಉತ್ತರವು ನಡೆದುಬಂದಿದೆ: ಭಾಷೋಪಾಧ್ಯಾಯರು. ರಸಾಯನಶಾಸ್ತ್ರದ ಅಧ್ಯಾಪಕರು ಲವಣಪರೀಕ್ಷೆಯನ್ನು ಕಲಿಸುವರು, ಚರಿತ್ರೆಯ ಅಧ್ಯಾಪಕರು ರಾಜ್ಯಗಳ ಏಳುಬೀಳುಗಳನ್ನು ಹೇಳುವರು, ಅರ್ಥಶಾಸ್ತ್ರಜ್ಞರು ಬೆಲೆ ಬೇಡಿಕೆಗಳನ್ನು ವಿವರಿಸುವರು. ಇವರೆಲ್ಲರ ಶಿಷ್ಯರೂ ಬರೆದುಕೊಟ್ಟುದು ತಪ್ಪಾದರೆ ಮಾತ್ರ ದೂರು ಹೋಗುವುದು ಕನ್ನಡದ ಪಂಡಿತರ ಬಳಿಗೆ. ವ್ಯಾಕರಣ ಬಾರದು, ಕಾಗುಣಿತ ಬಾರದು, ಎರಡು ವಾಕ್ಯಗಳನ್ನು ಸಮನಾಗಿ ಹೊಂದಿಸಲಾರರು ಎಂಬ ಈ ದೂರಿಗೆ ಆಧಾರವಿಲ್ಲವೆಂದಲ್ಲ. ಆದರೆ ದೂರಿನ ವಿಳಾಸವು ತಪ್ಪಿದೆ. ಶಾಸ್ತ್ರವಿಷಯವನ್ನು ಬರೆಯುವಾಗ ವಿದ್ಯಾರ್ಥಿಯು ಮಾಡುವ ತಪ್ಪುಗಳಲ್ಲಿ ಅತಿ ಗುರುತರವಾದವು ವ್ಯಾಕರಣದ ತಪ್ಪುಗಳೇ ಅಲ್ಲ. ಅವನ್ನು ಭಾಷೋಪಾಧ್ಯಾಯರೊಬ್ಬರೇ ಕಂಡುಹಿಡಿಯುವುದು ಸಾಧ್ಯವೂ ಅಲ್ಲ. ಈ ಮಾತನ್ನು ಸ್ಥಾಪಿಸುವುದಕ್ಕೆ ಕನ್ನಡದ ಶಾಸ್ತ್ರಗದ್ಯವನ್ನೇ ಸಾಕ್ಷಿಯಾಗಿ ಕರೆಯಬೇಕು.

ಕನ್ನಡದಲ್ಲಿ ಶಾಸ್ತ್ರಗ್ರಂಥಗಳು ಹೊಸವಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ರಾಜಾದಿತ್ಯನ ‘ವ್ಯವಹಾರಗಣಿತ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವು ಕ್ರಮವಾಗಿ 11, 12, 14ನೆಯ ಶತಮಾನದವು. ಲೋಕವ್ಯವಹಾರ, ಲೆಕ್ಕ, ವಿಷವೈದ್ಯಗಳನ್ನು ದೇಶಭಾಷೆಯಲ್ಲಿ ಹೇಳಬಹುದೆಂಬುದು ಅಂದೇ ಸಿದ್ಧವಾಗಿದ್ದಿತು. ಆದರೆ ಇವು ಹೆಚ್ಚಾಗಿ ಪದ್ಯವನ್ನು ಆಶ್ರಯಿಸಿದವು. ಬಾಯಿಪಾಠಕ್ಕೆ ಒದಗುವ ರೂಪವಿದು. ಒಂದು ತೀರ್ಮಾನಕ್ಕೆ ಬಂದ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿ, ಓದುವವನು ಬೇಕಾದರೆ ಅಲ್ಲಿ ತಡೆದು ನಿಂತು ಆಕ್ಷೇಪಿಸಲೆಂದು ಬರೆಯುವ ಗದ್ಯವು ಕನ್ನಡಕ್ಕೆ ಬಂದುದು 20ನೆಯ ಶತಮಾನದಲ್ಲಿಯೇ ಎಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಈ ಗದ್ಯದ ಮೊದಲ ನಿರ್ಮಾಪಕರಲ್ಲಿ ಮುಖ್ಯರಾದವರು ವಿಜ್ಞಾನದ ಅಧ್ಯಾಪಕರು. 1918ರಲ್ಲಿ ಬೆಂಗಳೂರಿನಿಂದ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಹೊರಡಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದವರು. ಪತ್ರಿಕೆಯು ಅಲ್ಪಾಯುವಾಯಿತು. ಆದರೆ ಅದೇ ಮಹನೀಯರು 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಪರವಾಗಿ ಪಂಪಭಾರತವನ್ನು ಪರಿಷ್ಕರಿಸಿ ಪ್ರಕಟಿಸಿದರೆಂಬುದನ್ನು ನೆನೆದರೆ, ಓಲೆಗರಿಗಳ ಪಾಠಾಂತರಗಳನ್ನು ತೂಗುವ ಕಣ್ಣೂ ಪ್ರಯೋಗಶಾಲೆಯ ತಕ್ಕಡಿಯನ್ನು ನೋಡುವ ಕಣ್ಣೂ ಒಂದೇ ಎಂಬುದು ಹೊಳೆಯದಿರದು. ಮರುವರ್ಷವೇ, 1919ರಲ್ಲಿ, ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ವು ಹೊರಟಿತು. ಮುಂದೆ ಆರ್. ಎಲ್. ನರಸಿಂಹಯ್ಯನವರು ಭೌತವಿಜ್ಞಾನದ ಅಧ್ಯಾಪಕರಾಗಿದ್ದುಕೊಂಡೇ ‘ಜಗತ್ತುಗಳ ಹುಟ್ಟು ಸಾವು’ ಎಂಬ ಗ್ರಂಥವನ್ನು ಬರೆದರು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿತು. ಅವುಗಳಿಂದ ಕಿರುಹೊತ್ತಗೆಗಳ ಮಾಲೆಯೇ ಹುಟ್ಟಿತು. ಕನ್ನಡದ ಅಧ್ಯಾಪಕರೂ ಸುಮ್ಮನಿರಲಿಲ್ಲ: ವಿ. ಸೀತಾರಾಮಯ್ಯನವರು ‘ಹಣ ಪ್ರಪಂಚ’ವನ್ನು ಬರೆದು ಕವಿಯ ಲೇಖನಿಯು ನಾಣ್ಯದ ವಿಚಾರದಲ್ಲಿಯೂ ತಡವರಿಸದೆಂಬುದನ್ನು ತೋರಿಸಿದರು.

ಇಷ್ಟು ದೊಡ್ಡ ಪ್ರಯತ್ನದ ಮೇಲೆ ಒಂದು ಆಕ್ಷೇಪವನ್ನು ಹೇಳಲೇಬೇಕಾಗಿದೆ. ‘ವಿಜ್ಞಾನ’ದಿಂದ ಮೊದಲ್ಗೊಂಡು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳವರೆಗೆ ಎಲ್ಲೆಲ್ಲಿಯೂ ಬರೆದವರು ಉಪಾಧ್ಯಾಯರು, ಓದಿದವರು ವಿದ್ಯಾರ್ಥಿಗಳು. ವಿದ್ಯಾರ್ಥಿಯು ಬರೆದುದು ಎರಡೇ ಕಡೆ: ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ. ಮೊದಲನೆಯದನ್ನು ಹಿಂದಿನ ವರ್ಷದ ಪುಸ್ತಕದಿಂದ ನಕಲುಮಾಡುವುದು ವಾಡಿಕೆ. ಎರಡನೆಯದಕ್ಕೆ ಬೇಕಾದುದನ್ನು ನೋಟ್ಸಿನಿಂದಲೋ ಗೈಡಿನಿಂದಲೋ ಉರುಹೊಡೆಯುವುದು ವಾಡಿಕೆ. ಉತ್ತರಪತ್ರಿಕೆಯಂತೂ ಬರೆದವನ ಕೈಗೆ ಸಾಮಾನ್ಯವಾಗಿ ಹಿಂದಿರುಗಿ ಬರುವುದಿಲ್ಲ. ಹೀಗಾಗಿ ಮೂರು ವರ್ಷಗಳ ವ್ಯಾಸಂಗದಲ್ಲಿ, ತಾನು ಬರೆದ ಒಂದು ಪುಟವನ್ನು ವಿಷಯಬಲ್ಲವರು ಓದಿ, ‘ಈ ವಾಕ್ಯವು ನಿನ್ನ ಆಧಾರಕ್ಕಿಂತ ಮುಂದೆ ಹೋಗಿದೆ, ಹಿಂದಕ್ಕೆ ಎಳೆ’ ಎಂದು ಹೇಳಿದ ಅನುಭವವೇ ಎಷ್ಟೋ ಮಂದಿಗೆ ಒದಗುವುದಿಲ್ಲ. ಶಾಸ್ತ್ರಗದ್ಯವು ಗ್ರಂಥಭಂಡಾರದಲ್ಲಿ ಬೆಳೆಯಿತು, ತರಗತಿಯಲ್ಲಿ ಬೆಳೆಯಲಿಲ್ಲ.

ಇದಕ್ಕೆ ಕಾರಣವಾಗಿ ಪಾರಿಭಾಷಿಕ ಪದಗಳ ಅಭಾವವನ್ನು ಮುಂದೊಡ್ಡುವವರು ಅನೇಕರು. ಈ ಚರ್ಚೆಗೆ ಕನ್ನಡವು ಅದರ ಯೋಗ್ಯತೆಗಿಂತ ಹೆಚ್ಚು ಕಾಲವನ್ನು ಕೊಟ್ಟಿದೆಯೆನ್ನಬೇಕು. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾಯಿತು. 1969ರಿಂದ ಕನ್ನಡ ವಿಶ್ವಕೋಶದ ಸಂಪುಟಗಳು ಬರತೊಡಗಿದವು. ಪದಗಳು ದೊರೆತವು. ದೊರೆಯದಿದ್ದ ಕಡೆ ‘ಆಕ್ಸಿಜನ್’ ಎಂದರೆ ಆಮ್ಲಜನಕಕ್ಕೆ ಅವಮಾನವಾಗುವುದಿಲ್ಲ. ಕೊರತೆಯಾದುದು ನಾಮಪದಗಳಲ್ಲಿ ಅಲ್ಲ, ಕ್ರಿಯಾಪದಗಳಲ್ಲಿ. ಇನ್ನೂ ನಿಷ್ಕೃಷ್ಟವಾಗಿ ಹೇಳುವುದಾದರೆ, ಕನ್ನಡದ ಕ್ರಿಯಾಪದಕ್ಕಿರುವ ಶಕ್ತಿಯನ್ನು ಆಯಾ ಶಾಸ್ತ್ರದ ಅವಶ್ಯಕತೆಗೆ ಹೊಂದಿಸಿ ಕಲಿಸುವುದರಲ್ಲಿ.

ಪ್ರಯೋಗಶಾಲೆಯ ಬರೆಹವನ್ನು ಮೊದಲು ತೆಗೆದುಕೊಳ್ಳಬಹುದು. ‘ಲವಣವು ನೀರಿನಲ್ಲಿ ಕರಗಿಸಲ್ಪಟ್ಟು ದ್ರಾವಣವು ಕಾಯಿಸಲ್ಪಟ್ಟಿತು’ ಎಂಬಂತಹ ವಾಕ್ಯಗಳನ್ನು ಕಂಡು ಭಾಷೋಪಾಧ್ಯಾಯರು ಹುಬ್ಬುಗಂಟಿಕ್ಕುವರು. ಇದು ಇಂಗ್ಲಿಷಿನ ಕರ್ಮಣಿಪ್ರಯೋಗದ ನೆರಳೆಂದು ಸರಿಯಾಗಿಯೇ ಹೇಳುವರು. ಆದರೆ ‘ಕಿವಿಗೆ ಹಿತವಲ್ಲ’ ಎಂಬಷ್ಟಕ್ಕೆ ಅವರ ಆಕ್ಷೇಪಣೆಯು ನಿಂತರೆ ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಅದರಿಂದ ಪ್ರಯೋಜನವಿಲ್ಲ. ಹಿತವಾದುದನ್ನು ಬರೆಯುವುದು ಅವನ ಗುರಿಯಲ್ಲ. ಈ ವಾಕ್ಯದ ನಿಜವಾದ ದೋಷವು ಬೇರೆ ಇದೆ. ಪ್ರಯೋಗದಲ್ಲಿ ಎರಡು ಬಗೆಯ ಘಟನೆಗಳಿರುತ್ತವೆ: ಪ್ರಯೋಗಮಾಡುವವನು ಮಾಡಿದುದು, ವಸ್ತುವು ತಾನಾಗಿ ಆದುದು. ಇವೆರಡನ್ನೂ ಬೇರ್ಪಡಿಸಿ ಬರೆಯುವುದೇ ಪ್ರಯೋಗವರದಿಯ ಜೀವಾಳ. ಇದಕ್ಕೆ ಕನ್ನಡದಲ್ಲಿ ಎಷ್ಟು ಸುಂದರವಾದ ಸಾಧನವಿದೆ! ಕರಗು, ಕರಗಿಸು, ಕುದಿ, ಕುದಿಸು, ಆರು, ಆರಿಸು, ಸೇರು, ಸೇರಿಸು. ‘ದ್ರಾವಣವನ್ನು ಕುದಿಸಿದೆವು, ಹತ್ತು ನಿಮಿಷವಾದ ಮೇಲೆ ಅದು ಕದಡಿತು, ಆರಿಸಿದೆವು, ತಳದಲ್ಲಿ ಹರಳು ಕೂಡಿತು’ ಎಂದು ಬರೆದರೆ ಯಾವುದು ಕೈಯ ಕೆಲಸ, ಯಾವುದು ವಸ್ತುವಿನ ಸ್ವಭಾವ ಎಂಬುದು ಕ್ರಿಯಾಪದದಲ್ಲಿಯೇ ಕಾಣುತ್ತದೆ. ‘-ಲ್ಪಟ್ಟಿತು’ ಎಂಬ ಒಂದೇ ಅಚ್ಚಿನಲ್ಲಿ ಎರಡನ್ನೂ ಎರೆದಾಗ ಈ ಭೇದವು ಅಳಿಸಿಹೋಗುತ್ತದೆ. ಭಾಷೆಯ ದೋಷವು ಇಲ್ಲಿ ವಿಜ್ಞಾನದ ದೋಷವಾಯಿತು. ಪ್ರೇರಣಾರ್ಥಕ ಪ್ರತ್ಯಯದ ಪಾಠವನ್ನು ಕನ್ನಡದ ಅಧ್ಯಾಪಕರು ಪ್ರತಿವರ್ಷವೂ ಹೇಳುವರು. ಅದಕ್ಕೆ ಪಕ್ಕದ ಕಟ್ಟಡದಲ್ಲಿ ಇಂತಹ ಉಪಯೋಗವಿದೆಯೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಚರಿತ್ರೆಗೆ ಬಂದರೆ ಕ್ರಿಯಾಪದದ ಕೆಲಸವೇ ಬೇರೆ. ಶಿವಮೊಗ್ಗೆಯಲ್ಲಿ ರಾಗಿಗುಡ್ಡವೆಂಬ ಬಡಾವಣೆಯಿದೆ. ಹೆಸರನ್ನು ಕೇಳಿದ ವಿದ್ಯಾರ್ಥಿಗೆ ಅದರ ಚರಿತ್ರೆಯನ್ನು ಬರೆಯಲು ಹೇಳಿದರೆ, ‘ಇಲ್ಲಿ ಹಿಂದೆ ರಾಗಿಯನ್ನು ಬೆಳೆಯುತ್ತಿದ್ದರು’ ಎಂದು ಅವನು ಕೂಡಲೇ ಬರೆದುಬಿಡುತ್ತಾನೆ. ಆಧಾರವೇನು? ಹೆಸರೊಂದೇ. ಹೆಸರೊಂದೇ ಆಧಾರವಾದರೆ ‘ಬೆಳೆಯುತ್ತಿದ್ದಿರಬಹುದು’ ಎನ್ನಬೇಕು. ಸುತ್ತಣ ಹೊಲಗಳ ಹಳೆಯ ಕಂದಾಯದ ಲೆಕ್ಕಗಳಲ್ಲಿ ರಾಗಿಯ ಬೆಳೆಯು ಕಂಡುಬಂದರೆ ‘ಬೆಳೆಯುತ್ತಿದ್ದಿರಬೇಕು’ ಎನ್ನಬಹುದು. ಆ ಗುಡ್ಡದ ನೆಲದ ಹೆಸರನ್ನೇ ಹಿಡಿದು ದಾಖಲೆಯು ಹೇಳಿದರೆ ಮಾತ್ರ ‘ಬೆಳೆಯುತ್ತಿದ್ದರು’. ಊರ ಹಿರಿಯರು ಹೇಳಿದ ಕಥೆಯಾದರೆ ‘ರಾಗಿಯ ರಾಶಿಯೇ ಗುಡ್ಡವಾಯಿತಂತೆ’. ‘ಅಂತೆ’, ‘ಬಹುದು’, ‘ಬೇಕು’, ಇವೊಂದೂ ಇಲ್ಲದ ನೇರವಾದ ಭೂತಕಾಲ. ಈ ನಾಲ್ಕು ಮೆಟ್ಟಿಲುಗಳನ್ನು ಕನ್ನಡದ ಹಳ್ಳಿಗನು ದಿನವೂ ತಪ್ಪಿಲ್ಲದೆ ಹತ್ತಿ ಇಳಿಯುತ್ತಾನೆ. ಸಂತೆಯಲ್ಲಿ ಕೇಳಿಬಂದ ಸುದ್ದಿಗೆ ‘ಅಂತೆ’ಯನ್ನು ಸೇರಿಸದೆ ಹೇಳಿದವನನ್ನು ಊರು ಸುಳ್ಳುಗಾರನೆನ್ನುತ್ತದೆ. ಅದೇ ಊರಿನ ಹುಡುಗನು ಕಾಲೇಜಿಗೆ ಬಂದು ಚರಿತ್ರೆಯನ್ನು ಬರೆಯುವಾಗ, ‘ಅಂತೆ’ ಎಂಬುದು ಗ್ರಾಮ್ಯವೆಂದೂ ಪ್ರೌಢವಾದ ಬರೆಹವು ನಿಶ್ಚಯವಾಗಿರಬೇಕೆಂದೂ ತಿಳಿದು, ಎಲ್ಲವನ್ನೂ ‘ಇದ್ದಿತು’, ‘ಆಯಿತು’ ಎಂಬುದರಿಂದ ಮುಗಿಸುತ್ತಾನೆ. ವಿದ್ಯೆಯು ಅವನಿಗೆ ಪ್ರಮಾಣವಿವೇಕವನ್ನು ಕೊಡುವುದಿರಲಿ, ಮನೆಯಿಂದ ತಂದುದನ್ನೂ ಕಸಿದುಕೊಂಡಿತು.

ಈ ತಪ್ಪನ್ನು ಹಿಡಿಯಬೇಕಾದವರು ಯಾರು? ‘ಬೆಳೆಯುತ್ತಿದ್ದರು’ ಎಂಬುದರಲ್ಲಿ ವ್ಯಾಕರಣದೋಷವೇನೂ ಇಲ್ಲ. ಕನ್ನಡದ ಅಧ್ಯಾಪಕರು ಅದಕ್ಕೆ ಪೂರ್ಣಾಂಕವನ್ನು ಕೊಡಬಹುದು. ಆಧಾರದ ಬಲವೆಷ್ಟೆಂಬುದನ್ನು ಬಲ್ಲ ಚರಿತ್ರೆಯ ಅಧ್ಯಾಪಕರೇ ಇದನ್ನು ತಿದ್ದತಕ್ಕವರು. ಅವರು ತಿದ್ದಿದಾಗ ಭಾಷೆಯನ್ನು ತಿದ್ದಿದಂತಾಗುವುದಿಲ್ಲ, ಚರಿತ್ರೆಯನ್ನೇ ಕಲಿಸಿದಂತಾಗುತ್ತದೆ. ‘ಬರೆವಣಿಗೆಯನ್ನು ಕಲಿಸಲು ತಮಗೆ ಪಾಠದ ಅವಧಿ ಸಾಲದು’ ಎಂದು ಶಾಸ್ತ್ರಾಧ್ಯಾಪಕರು ಹೇಳುವ ಸಮಾಧಾನವು ಇಲ್ಲಿ ನಿಲ್ಲುವುದಿಲ್ಲ.

ಅರ್ಥಶಾಸ್ತ್ರದಲ್ಲಿ ಕನ್ನಡವು ಇನ್ನೊಂದು ಬಗೆಯ ಎಚ್ಚರಿಕೆಯನ್ನು ಬೇಡುತ್ತದೆ. ಇಲ್ಲಿ ಭಾಷೆಯ ಶಕ್ತಿಯೇ ಅಪಾಯವಾಗಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಹತ್ತಿರದ ಕಾಡುಗಳ ಸೌದೆಯಿಂದ ಇದ್ದಲನ್ನೂ ಕೆಮ್ಮಣ್ಣುಗುಂಡಿಯಿಂದ ಅದುರನ್ನೂ ಪಡೆದು 1923ರಲ್ಲಿ ಕಬ್ಬಿಣವನ್ನು ತಯಾರಿಸತೊಡಗಿತು. ‘ಕಾರ್ಖಾನೆಯು ಸ್ಥಾಪಿತವಾಗಿ ಊರು ಬೆಳೆಯಿತು’ ಎಂದು ವಿದ್ಯಾರ್ಥಿಯು ಬರೆಯುತ್ತಾನೆನ್ನಿ. ‘ಆಗಿ’ ಎಂಬ ಈ ಭೂತಕೃದಂತ ಅವ್ಯಯವು ಕನ್ನಡದ ಕಥನಕ್ಕೆ ಬೆನ್ನೆಲುಬು. ಆದರೆ ಅದು ‘ಆದ ಮೇಲೆ’ ಎಂಬುದನ್ನೂ ‘ಆದುದರಿಂದ’ ಎಂಬುದನ್ನೂ ಒಂದೇ ಹೊದಿಕೆಯೊಳಗೆ ಮುಚ್ಚಿಡುತ್ತದೆ. ಕಥೆಗಾರನಿಗೆ ಅದು ಸೌಕರ್ಯ. ಅರ್ಥಶಾಸ್ತ್ರಜ್ಞನಿಗೆ ಅದೇ ಉರುಳು. ಮೊದಲು ಆದುದೆಲ್ಲವೂ ಕಾರಣವಲ್ಲ. ಊರು ಬೆಳೆದುದರಲ್ಲಿ ಕಾರ್ಖಾನೆಯ ಪಾಲೆಷ್ಟು, ರೈಲಿನ ಪಾಲೆಷ್ಟು, 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆಯ ಪಾಲೆಷ್ಟು, ನೀರಾವರಿಯದೆಷ್ಟು ಎಂಬುದೇ ಅವನ ಪ್ರಶ್ನೆ. ವಾಕ್ಯವನ್ನು ಬಿಡಿಸಿ ‘ಮೇಲೆ’ಯೋ ‘ಇಂದ’ವೋ ಹೇಳೆಂದು ವಿದ್ಯಾರ್ಥಿಯನ್ನು ಕೇಳಿದರೆ ಅವನು ಒಂದು ಕ್ಷಣ ಬೆಪ್ಪಾಗುತ್ತಾನೆ, ಆ ಕ್ಷಣದಲ್ಲಿಯೇ ಅವನ ಅರ್ಥಶಾಸ್ತ್ರವು ಆರಂಭವಾಗುವುದು.

ರಾಜ್ಯಶಾಸ್ತ್ರದ ಬರೆಹದಲ್ಲಿ ಕರ್ಮಣಿಪ್ರಯೋಗಕ್ಕೆ ಮತ್ತೊಂದು ಮುಖವಿದೆ. 2023ರ ಅಕ್ಟೋಬರಿನ ಮೊದಲ ದಿನ ಈದ್ ಮೆರವಣಿಗೆಯ ಸಂದರ್ಭದಲ್ಲಿ ರಾಗಿಗುಡ್ಡದಲ್ಲಿ ಕಲ್ಲುತೂರಾಟವಾಗಿ ನಿಷೇಧಾಜ್ಞೆಯು ಜಾರಿಯಾಯಿತು. ಇಂತಹ ಘಟನೆಯನ್ನು ಕುರಿತು ‘ಕಲ್ಲನ್ನು ತೂರಲಾಯಿತು’ ಎಂದರೆ ಕರ್ತೃವು ಮರೆಯಾಗುತ್ತಾನೆ. ತೂರಿದವರು ಇಂಥವರೆಂದು ತಿಳಿದಿದ್ದೂ ಹೀಗೆ ಬರೆದರೆ ಅದು ಹೇಡಿತನ. ತಿಳಿಯದಿರುವಾಗ ಒಂದು ಸಮುದಾಯದ ಹೆಸರನ್ನು ಕರ್ತೃಪದದಲ್ಲಿ ಕೂಡಿಸಿದರೆ ಅದು ಅನ್ಯಾಯ. ಪ್ರಯೋಗಶಾಲೆಯಲ್ಲಿ ತಳ್ಳಿಹಾಕಬೇಕಾದ ವಾಕ್ಯರೂಪವೇ ಇಲ್ಲಿ ಕೆಲವು ವೇಳೆ ಪ್ರಾಮಾಣಿಕವಾದ ಒಂದೇ ರೂಪವಾಗಿ ಪರಿಣಮಿಸುತ್ತದೆ. ಆದುದರಿಂದ ‘ಕರ್ಮಣಿಯನ್ನು ಬಿಡಿರಿ’ ಎಂಬ ಸಾಮಾನ್ಯಸೂತ್ರವು, ಭಾಷೋಪಾಧ್ಯಾಯರು ಎಷ್ಟು ಸದುದ್ದೇಶದಿಂದ ಹೇಳಿದರೂ, ಶಾಸ್ತ್ರದಿಂದ ಶಾಸ್ತ್ರಕ್ಕೆ ಒಯ್ಯಲು ಬರುವುದಿಲ್ಲ. ಒಳ್ಳೆಯ ಬರೆವಣಿಗೆಯೆಂಬುದು ಎಲ್ಲೆಡೆಯಲ್ಲಿಯೂ ಒಂದೇ ಎಂಬ ನಂಬಿಕೆಯನ್ನು ಬಿಡಬೇಕಾದುದು ಇಲ್ಲಿಯೇ.

ಪಶ್ಚಿಮದೇಶಗಳಲ್ಲಿಯೂ ಈ ವಿಚಾರವು ತಡವಾಗಿಯೇ ಎಚ್ಚತ್ತಿತು. ಇಂಗ್ಲೆಂಡಿನಲ್ಲಿ 1975ರ ಬುಲಕ್ ಸಮಿತಿಯ ವರದಿಯು, ಭಾಷೆಯ ಹೊಣೆಯು ಎಲ್ಲ ವಿಷಯಗಳ ಉಪಾಧ್ಯಾಯರದೂ ಆಗಿದೆಯೆಂದು ಸಾರಿತು. ಆ ಸಮಿತಿಯಲ್ಲಿದ್ದ ಜೇಮ್ಸ್ ಬ್ರಿಟನ್ನರು ಅದೇ ವರ್ಷ ಶಾಲಾವಿದ್ಯಾರ್ಥಿಗಳ ಬರೆಹಗಳನ್ನು ಪರಿಶೀಲಿಸಿದ ಗ್ರಂಥವೊಂದನ್ನು ಸಹೋದ್ಯೋಗಿಗಳೊಡನೆ ಹೊರತಂದರು. ಅಮೆರಿಕದಲ್ಲಿ ಅದಕ್ಕೂ ಮೊದಲು, 1969-70ರಲ್ಲಿ, ಬಾರ್ಬರಾ ವಾಲ್ವೂರ್ಡ್ ಎಂಬ ಅಧ್ಯಾಪಿಕೆಯು ಬೇರೆ ಬೇರೆ ವಿಭಾಗಗಳ ಅಧ್ಯಾಪಕರನ್ನು ಒಟ್ಟುಗೂಡಿಸಿ ವಿದ್ಯಾರ್ಥಿಗಳ ಬರೆಹದ ವಿಚಾರವಾಗಿ ಗೋಷ್ಠಿಯನ್ನು ನಡೆಸಿದರು. ಅಯೋವಾ ಪ್ರಾಂತದ ಆ ಸಂಸ್ಥೆಯ ಹೆಸರೂ ಸೆಂಟ್ರಲ್ ಕಾಲೇಜೇ ಎಂಬುದು ಕಾಕತಾಳೀಯವಾದರೂ ಕನ್ನಡಿಗರಿಗೆ ಸ್ವಾರಸ್ಯವಾದುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅರ್ಧಶತಮಾನದ ಹಿಂದೆಯೇ ಭೌತವಿಜ್ಞಾನಿಯೂ ಕನ್ನಡದ ಪಂಡಿತರೂ ಒಂದೇ ಅಂಗಳದಲ್ಲಿ ನಿಂತು ಪತ್ರಿಕೆಗಳನ್ನು ನಡೆಸಿದ್ದರು. ಒಂದು ಹೆಜ್ಜೆಯು ಮಾತ್ರ ಉಳಿಯಿತು: ತಾವು ಬರೆದಂತೆ ಶಿಷ್ಯರಿಂದ ಬರೆಯಿಸುವುದು.

ಆ ಹೆಜ್ಜೆಗೆ ತೀರ ಹತ್ತಿರ ಬಂದ ಕನ್ನಡ ಗ್ರಂಥವೊಂದಿದೆ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತೆಂಬುದು ಸರ್ವವಿದಿತ. ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಶಿಷ್ಯಮಂಡಲಿಯನ್ನು ಕಟ್ಟಿಕೊಂಡು ಪಶ್ಚಿಮಘಟ್ಟಗಳ ಕಾಡುಗಳಲ್ಲಿ ಅಲೆದ ಕಥೆಯದು. ಗ್ರಂಥಕರ್ತರು ತಾವೇ ಬರೆದ ಚಿತ್ರಗಳೂ ಅದರಲ್ಲಿವೆ. ವಿಮರ್ಶಕರು ಸಾಮಾನ್ಯವಾಗಿ ಇದರ ಹಾಸ್ಯವನ್ನು ಹೊಗಳುವರು. ಹಾಸ್ಯವು ಇರುವುದೇನೋ ನಿಜ, ಕೆಲವೆಡೆ ವಿಷಯವನ್ನು ಮರೆಯಿಸುವಷ್ಟೂ ಇದೆ. ಆದರೆ ಗ್ರಂಥದ ಹಿರಿಮೆಯು ಬೇರೊಂದರಲ್ಲಿದೆ: ಗಿಡವನ್ನು ನೋಡುವುದು, ಹೆಸರಿಸುವುದು, ವರ್ಣಿಸುವುದು ಇವು ಮೂರೂ ಬೇರೆ ಬೇರೆ ಕೆಲಸಗಳಲ್ಲವೆಂಬುದು ಅದರ ಪುಟಪುಟದಲ್ಲಿಯೂ ಆಚರಣೆಯಲ್ಲಿ ಕಾಣುತ್ತದೆ. ಎಲೆಯ ಅಂಚು, ಕಾಯಿಯ ನಾರು, ತೊಗಟೆಯ ವಾಸನೆ, ಊರವರು ಅದನ್ನು ಬಳಸುವ ರೀತಿ ಇವೆಲ್ಲವೂ ಮಾತಿಗೆ ಸಿಕ್ಕಮೇಲೆಯೇ ಗಿಡವು ತಿಳಿದಂತಾಗುವುದು. ಈ ಗ್ರಂಥವನ್ನು ವಿದ್ಯಾರ್ಥಿಗಳ ವರದಿಗೆ ಮಾದರಿಯಾಗಿ ಇಡಬಹುದೆ ಎಂದರೆ, ಹಾಗೆಯೇ ಇಡಲಾಗದು. ಸ್ವಾಮಿಯವರ ವಿನೋದವನ್ನು ಅನುಕರಿಸಹೊರಟ ಹುಡುಗನು ಸ್ವಾಮಿಯವರ ಕಣ್ಣಿಲ್ಲದೆ ವಿನೋದವನ್ನು ಮಾತ್ರ ಕಲಿತಾನು. ಇದನ್ನು ಓದಬೇಕಾದವರು ಮುಖ್ಯವಾಗಿ ಅಧ್ಯಾಪಕರು. ಶಿಷ್ಯರೊಡನೆ ಕಾಡಿಗೆ ಹೋದಾಗ ಏನನ್ನು ಕೇಳಬೇಕೆಂಬುದಕ್ಕೆ ಇದು ಕೈಪಿಡಿ.

ಹಾಗಾದರೆ ಅಧ್ಯಾಪಕರಿಗೆ ನೆರವಾಗುವುದು ಹೇಗೆ? ಉಪನ್ಯಾಸಗಳನ್ನು ಏರ್ಪಡಿಸಿ ಬರೆವಣಿಗೆಯ ಮಹತ್ತ್ವವನ್ನು ಬೋಧಿಸುವುದರಿಂದ ಫಲವು ಅಲ್ಪ. ಮಹತ್ತ್ವವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಶಿವಮೊಗ್ಗೆಯಲ್ಲಿ 1940ರಲ್ಲಿ ಇಂಟರ್ಮೀಡಿಯೆಟ್ ಕಾಲೇಜಾಗಿ ಆರಂಭವಾದ ಸಹ್ಯಾದ್ರಿ ವಿದ್ಯಾಸಂಸ್ಥೆಯಲ್ಲಿಯೂ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ನೆಲಸಿ 1987ರಿಂದ ನಡೆಯುತ್ತಿರುವ ಕುವೆಂಪು ವಿಶ್ವವಿದ್ಯಾನಿಲಯದಲ್ಲಿಯೂ ಕಲೆ, ವಿಜ್ಞಾನ, ವಾಣಿಜ್ಯಗಳ ಅಧ್ಯಾಪಕರು ಒಬ್ಬರಿಗೊಬ್ಬರು ಕೂಗಳತೆಯಲ್ಲಿರುವರು. ಇಂತಹ ಕಡೆ ಒಬ್ಬ ವಿದ್ಯಾರ್ಥಿಯು ಬರೆದ ಒಂದೇ ಪುಟವನ್ನು, ಹೆಸರನ್ನು ಮರೆಮಾಡಿ, ಮೇಜಿನ ಮೇಲಿಟ್ಟು ನಾಲ್ಕು ವಿಭಾಗದವರು ಒಟ್ಟಿಗೆ ಓದಿದರೆ ಸಾಕು. ಯಾವ ವಾಕ್ಯವು ಏಕೆ ತಪ್ಪು ಎಂಬ ವಿಚಾರದಲ್ಲಿ ಅವರೊಳಗೆ ಭಿನ್ನಾಭಿಪ್ರಾಯವು ಹುಟ್ಟಿಯೇ ತೀರುತ್ತದೆ. ಕನ್ನಡದವರು ದೋಷವೆಂದುದನ್ನು ಭೌತವಿಜ್ಞಾನದವರು ಅಗತ್ಯವೆನ್ನುವರು. ಅವರು ಸ್ಪಷ್ಟವೆಂದುದನ್ನು ಚರಿತ್ರೆಯವರು ಉದ್ಧಟತನವೆನ್ನುವರು. ಆ ಜಗಳವೇ ಅಧ್ಯಾಪಕರ ಶಿಕ್ಷಣ. ತಮ್ಮ ಶಾಸ್ತ್ರವು ಹೇಗೆ ಮಾತನಾಡುತ್ತದೆಂಬುದು ಅದರೊಳಗೆ ಇರುವವರಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಹೊರಗಿನವನು ‘ಇದೇಕೆ ಹೀಗೆ?’ ಎಂದಾಗಲೇ ಕಾಣುವುದು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಗಟ್ಟಿಯಾದುದು: ತರಗತಿಗಳು ದೊಡ್ಡವು, ಎಲ್ಲರ ಬರೆಹವನ್ನೂ ತಿದ್ದುವುದೆಂದರೆ ಅಧ್ಯಾಪಕರ ಬೆನ್ನು ಮುರಿಯುತ್ತದೆ. ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಆದರೆ ಬರೆದುದೆಲ್ಲವನ್ನೂ ತಿದ್ದಬೇಕೆಂಬ ನಿಯಮವನ್ನು ಮಾಡಿದವರು ಯಾರು? ಪಾಠದ ಕೊನೆಯ ಐದು ನಿಮಿಷದಲ್ಲಿ ‘ಈ ದಿನ ತೀರ್ಮಾನವಾಗದೆ ಉಳಿದ ಪ್ರಶ್ನೆ ಯಾವುದು?’ ಎಂದು ನಾಲ್ಕು ಸಾಲುಗಳನ್ನು ಬರೆಯಿಸಿದರೆ, ಅದರಲ್ಲಿ ಹತ್ತನ್ನು ಮಾತ್ರ ಓದಿ ಮರುದಿನದ ಪಾಠವನ್ನು ಅಲ್ಲಿಂದ ಎತ್ತಿಕೊಳ್ಳಬಹುದು. ಉಳಿದವರಿಗೂ ಬರೆದ ಪ್ರಯೋಜನವು ತಪ್ಪುವುದಿಲ್ಲ. ದೀರ್ಘವಾದ ಪ್ರಬಂಧವು ವರ್ಷಕ್ಕೆ ಒಂದೇ ಇರಲಿ, ಆದರೆ ಅದನ್ನು ಎರಡು ಸಲ ಬರೆಯಿಸಬೇಕು. ಮೊದಲನೆಯ ಸಲ ಅಂಕಗಳಿಲ್ಲ, ಪ್ರಶ್ನೆಗಳು ಮಾತ್ರ. ಇನ್ನೊಂದು ಆಕ್ಷೇಪವು ಕನ್ನಡದ ವಿಭಾಗಗಳೊಳಗಿನಿಂದಲೇ ಮೆಲುದನಿಯಲ್ಲಿ ಬರುವುದುಂಟು: ಬರೆವಣಿಗೆಯು ಎಲ್ಲರ ಸೊತ್ತಾದರೆ ಭಾಷೆಯ ತರಗತಿಗಳ ಗತಿಯೇನು? ಪ್ರೇರಣಾರ್ಥಕದ ಉದಾಹರಣೆಯನ್ನು ಕಂಡ ಮೇಲೆ ಈ ಭಯವು ಉಳಿಯಬೇಕಾಗಿಲ್ಲ. ಕನ್ನಡದ ಅಧ್ಯಾಪಕರಿಗೆ ಇಷ್ಟು ಕೆಲಸವು ಹಿಂದೆ ಎಂದೂ ಇರಲಿಲ್ಲ. ಭಾಷೆಯಲ್ಲಿ ಏನೇನು ದೊರೆಯುತ್ತದೆಂಬುದನ್ನು ಬಲ್ಲವರು ಅವರು; ಅದರಲ್ಲಿ ಯಾವುದು ಯಾವಾಗ ಬೇಕೆಂಬುದನ್ನು ಬಲ್ಲವರು ಶಾಸ್ತ್ರಾಧ್ಯಾಪಕರು. ಒಬ್ಬರ ಅಂಗಡಿಯಲ್ಲಿ ಸರಕಿದೆ, ಇನ್ನೊಬ್ಬರ ಕೈಯಲ್ಲಿ ಪಟ್ಟಿಯಿದೆ.

ಆರಂಭಕ್ಕೆ ರಾಗಿಗುಡ್ಡದಂತಹ ಹೆಸರೊಂದೇ ಸಾಕು. ಭೂವಿಜ್ಞಾನದ ವಿದ್ಯಾರ್ಥಿಯು ಗುಡ್ಡದ ಕಲ್ಲನ್ನು ಕುರಿತು, ಸಸ್ಯಶಾಸ್ತ್ರದವನು ಅಲ್ಲಿ ಉಳಿದಿರುವ ಗಿಡಗಂಟಿಗಳನ್ನು ಕುರಿತು, ಅರ್ಥಶಾಸ್ತ್ರದವನು ಮನೆಗಳ ಬಾಡಿಗೆಯನ್ನು ಕುರಿತು, ಚರಿತ್ರೆಯವನು ಹೆಸರನ್ನು ಕುರಿತು ಒಂದೊಂದು ಪುಟವನ್ನು ಬರೆಯಲಿ. ಬಳಿಕ ಪುಟಗಳನ್ನು ಅದಲುಬದಲು ಮಾಡಿ, ಪ್ರತಿಯೊಬ್ಬನೂ ಇನ್ನೊಬ್ಬನ ಪುಟದಲ್ಲಿ ‘ಇದು ನಿನಗೆ ಹೇಗೆ ಗೊತ್ತು?’ ಎಂದು ಕೇಳಬೇಕಾದ ಕಡೆ ಒಂದು ಗೆರೆಯನ್ನೆಳೆಯಲಿ. ಗೆರೆ ಬಿದ್ದ ಕಡೆಯ ಕ್ರಿಯಾಪದವನ್ನು ಬರೆದವನೇ ಮತ್ತೆ ಆರಿಸಿಕೊಳ್ಳಲಿ.